ಪಟ್ಟಿಯಿಂದ ಪ್ರಾಮಾಣಿಕತೆ ಹುಟ್ಟುವುದಿಲ್ಲ

ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ನಮ್ಮೆಲ್ಲರ ಬಾಯಲ್ಲಿರುವ ಯುಜಿಸಿ, ಮಾನ್ಯ ಸಂಶೋಧನಾ ಜರ್ನಲ್‌ಗಳ ತನ್ನ 'ಕೇರ್' ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ಕೈಬಿಟ್ಟಿತು. ಅಂದಿನಿಂದ ಅಧ್ಯಾಪಕರ ಕೊಠಡಿಗಳಲ್ಲಿ, ಸಂಶೋಧನಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿರುವುದು ಒಂದೇ ಪ್ರಶ್ನೆ: ಇನ್ನು ಮುಂದೆ ಯಾವ ಪಟ್ಟಿ? ಹಳೆಯ ಪಟ್ಟಿಯೇ ವಾಪಸು ಬರಲಿ ಎನ್ನುವವರಿದ್ದಾರೆ. ಸ್ಕೋಪಸ್ ಸೂಚಿಯಲ್ಲಿರುವ ಜರ್ನಲ್‌ಗಳನ್ನು ಮಾತ್ರ ಪರಿಗಣಿಸಿದರೆ ಕಳ್ಳರೆಲ್ಲ ತಾವಾಗಿಯೇ ಹೊರಬೀಳುತ್ತಾರೆ ಎನ್ನುವವರಿದ್ದಾರೆ. ವಿದೇಶಿ ಪ್ರಕಾಶಕರ ಜರ್ನಲ್‌ಗಳಿಗೆ ಹೆಚ್ಚು ಅಂಕ ಕೊಡಿ, ದೇಸಿ ಅಂಗಡಿಗಳು ಮುಚ್ಚಿಹೋಗುತ್ತವೆ ಎನ್ನುವವರೂ ಇದ್ದಾರೆ.

ಮಾತು ಬೇರೆ ಬೇರೆಯಾದರೂ ಇವರೆಲ್ಲರ ನಂಬಿಕೆ ಒಂದೇ. ವಿದ್ವತ್ ಪ್ರಕಟಣೆಯ ನೈತಿಕತೆ ಕೆಟ್ಟಿರುವುದು ನಕಲಿ ಜರ್ನಲ್‌ಗಳಿಂದ. ಒಳ್ಳೆಯವುಗಳನ್ನೂ ಕೆಟ್ಟವುಗಳನ್ನೂ ಬೇರ್ಪಡಿಸಿ ಪಟ್ಟಿ ಮಾಡಿದರೆ ರೋಗ ವಾಸಿಯಾಗುತ್ತದೆ. ಹೆಸರಾಂತ ಪ್ರಕಾಶಕರ ಮನೆಯಲ್ಲಿ ನೈತಿಕತೆ ಮೊದಲಿನಿಂದಲೂ ಭದ್ರವಾಗಿದೆ. ಈ ನಂಬಿಕೆಯ ಮೂರು ಭಾಗಗಳೂ ತಪ್ಪು ಎಂಬುದು ನನ್ನ ವಾದ. ಅಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ರೋಗವನ್ನು ಸಾಕುತ್ತಿರುವುದೇ ಈ ನಂಬಿಕೆ. ಒಬ್ಬ ವಿದ್ವಾಂಸನ ಬರವಣಿಗೆಯನ್ನು ಓದದೆಯೇ ಅವನ ಯೋಗ್ಯತೆಯನ್ನು ಅಳೆಯಬಹುದು ಎಂಬ ಸೋಮಾರಿತನಕ್ಕೆ ಅದು ಶಾಸ್ತ್ರದ ವೇಷ ತೊಡಿಸುತ್ತದೆ.

ಪಟ್ಟಿಗಳ ಇತಿಹಾಸವನ್ನೇ ಮೊದಲು ನೋಡೋಣ. 2017ರ ಆರಂಭದಲ್ಲಿ ಯುಜಿಸಿ ಪ್ರಕಟಿಸಿದ ಅನುಮೋದಿತ ಜರ್ನಲ್‌ಗಳ ಪಟ್ಟಿಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಹೆಸರುಗಳಿದ್ದವು. ಅದರ ಒಂದು ಭಾಗ ವಿಶ್ವವಿದ್ಯಾಲಯಗಳೇ ಶಿಫಾರಸು ಮಾಡಿ ಸೇರಿಸಿದ್ದು. ಆ ಭಾಗವನ್ನು ಪರೀಕ್ಷಿಸಿದ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರ ಅಧ್ಯಯನ 2018ರ ಮಾರ್ಚ್‌ನಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬಂತು. ಬೇರೆ ಯಾವ ಸೂಚಿಯಲ್ಲೂ ಇಲ್ಲದೆ, ವಿಶ್ವವಿದ್ಯಾಲಯಗಳ ಮಾತಿನ ಮೇಲಷ್ಟೇ ಒಳಬಂದಿದ್ದ ಜರ್ನಲ್‌ಗಳಲ್ಲಿ ಶೇ 88ಕ್ಕೂ ಹೆಚ್ಚು ಕಳಪೆಯಾಗಿರಬಹುದು ಎಂದು ಅದು ಹೇಳಿತು. ಅದೇ ವರ್ಷದ ಮೇ ತಿಂಗಳಲ್ಲಿ ಯುಜಿಸಿ 4,305 ಜರ್ನಲ್‌ಗಳನ್ನು ಒಮ್ಮೆಗೇ ಕಿತ್ತುಹಾಕಿತು. ಕಳಪೆ ಪತ್ರಿಕೆಗಳಿಗೆ ಸರ್ಕಾರಿ ಮುದ್ರೆ ಒತ್ತಿದವರು ಹೊರಗಿನ ವಂಚಕರಲ್ಲ. ನಮ್ಮ ವಿಶ್ವವಿದ್ಯಾಲಯಗಳ ಸಮಿತಿಗಳಲ್ಲಿ ಕುಳಿತ ಪ್ರಾಧ್ಯಾಪಕರೇ.

ಆಮೇಲೆ ಬಂದದ್ದು ಕೇರ್ ಪಟ್ಟಿ. 2018ರ ನವೆಂಬರ್‌ನಲ್ಲಿ ಘೋಷಣೆ, 2019ರ ಜೂನ್‌ನಲ್ಲಿ ಬಿಡುಗಡೆ. ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದಲ್ಲಿ ಅದಕ್ಕೊಂದು ಪ್ರತ್ಯೇಕ ಘಟಕ. ಅದನ್ನು ಕಟ್ಟಿದವರು ಶ್ರದ್ಧೆಯಿಂದಲೇ ಕಟ್ಟಿದರು. ವಂಚಕರು ಕೈಕಟ್ಟಿ ಕೂರಲಿಲ್ಲ. ಪಟ್ಟಿಯಲ್ಲಿದ್ದ, ಜಾಲತಾಣವಿಲ್ಲದ ಮುದ್ರಿತ ಪತ್ರಿಕೆಗಳ ಹೆಸರು ಮತ್ತು ಐಎಸ್‌ಎಸ್‌ಎನ್ ಸಂಖ್ಯೆಯನ್ನು ಕದ್ದು ಅದೇ ಹೆಸರಿನ ಜಾಲತಾಣ ತೆರೆದರು. ಹಣ ಕೊಟ್ಟವರ ಲೇಖನಗಳನ್ನು ಅಲ್ಲಿ ಏರಿಸಿದರು. ಕೊನೆಗೆ ಕೇರ್ ಘಟಕ ತದ್ರೂಪಿ ಪತ್ರಿಕೆಗಳ ಹೆಸರುಗಳನ್ನೇ ಪ್ರತ್ಯೇಕವಾಗಿ ಪ್ರಕಟಿಸಿ ಎಚ್ಚರಿಸಬೇಕಾಯಿತು. ಪಟ್ಟಿಯಲ್ಲಿ ಹೆಸರಿದ್ದದ್ದೇ ಆ ಪತ್ರಿಕೆಗಳನ್ನು ಕದಿಯಲು ಯೋಗ್ಯವಾಗಿಸಿತು.

ಐಎಸ್‌ಎಸ್‌ಎನ್ ಮಾತು ಬಂತು. ನಮ್ಮ ಪದವಿ ಕಾಲೇಜುಗಳಲ್ಲಿ ಇಂದಿಗೂ 'ಐಎಸ್‌ಎಸ್‌ಎನ್ ಇರುವ ಜರ್ನಲ್' ಎಂದರೆ ಅದೊಂದು ಗುಣಮಟ್ಟದ ಪ್ರಮಾಣಪತ್ರ ಎಂದು ಭಾವಿಸುವವರಿದ್ದಾರೆ. ನಿಯತಕಾಲಿಕಗಳನ್ನು ಗುರುತಿಸಲು ಕೊಡುವ ಎಂಟು ಅಂಕಿಗಳ ಸಂಖ್ಯೆ ಅದು, ಅಷ್ಟೇ. ಸಿನಿಮಾ ಪತ್ರಿಕೆಗೂ ಸಿಗುತ್ತದೆ, ಜ್ಯೋತಿಷ್ಯದ ಮಾಸಿಕಕ್ಕೂ ಸಿಗುತ್ತದೆ. ಒಳಗಿರುವ ಬರಹದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಆದರೂ ವಿಚಾರ ಸಂಕಿರಣದ ಆಹ್ವಾನಪತ್ರಿಕೆಗಳಲ್ಲಿ ಅದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತಾರೆ. ಅರ್ಜಿ ಪರಿಶೀಲಿಸುವವರು ಅದನ್ನೇ ಹುಡುಕುತ್ತಾರೆಂದು ಅಚ್ಚು ಹಾಕುವವರಿಗೆ ಗೊತ್ತು.

ಪಟ್ಟಿಗಳು ಸೋಲುವುದು ಅವುಗಳನ್ನು ಮಾಡುವವರ ಅಜಾಗರೂಕತೆಯಿಂದ ಎಂದುಕೊಂಡರೆ ಮುಂದಿನ ಪಟ್ಟಿಯಾದರೂ ಗೆಲ್ಲಬಹುದೆಂಬ ಆಸೆ ಉಳಿಯುತ್ತದೆ. ಆ ಆಸೆಯನ್ನು ಬಿಡಬೇಕು. ನಕಲಿ ಜರ್ನಲ್ ಒಂದು ಅಂಗಡಿ. ಗಿರಾಕಿಗಳಿರುವವರೆಗೆ ಅಂಗಡಿ ಇರುತ್ತದೆ. ಗಿರಾಕಿಯನ್ನು ಸೃಷ್ಟಿಸಿದವರು ಯಾರು?

ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮೊದಲು ಒಂದು ಲೇಖನ ಪ್ರಕಟವಾಗಿರಲೇಬೇಕೆಂಬ ನಿಯಮವನ್ನು ಯುಜಿಸಿ 2009ರಲ್ಲಿ ತಂದಿತು. ಅದನ್ನು ಕೈಬಿಟ್ಟದ್ದು 2022ರ ನಿಯಮಾವಳಿಯಲ್ಲಿ. ನಡುವಿನ ಹದಿಮೂರು ವರ್ಷ ಸಂಶೋಧನಾರ್ಥಿಗಳ ದೊಡ್ಡ ಸಮೂಹವೊಂದು ಹೇಗಾದರೂ ಒಂದು ಲೇಖನ ಅಚ್ಚಾಗಲಿ ಎಂದು ಅಲೆದಾಡಿತು. 2010ರಲ್ಲಿ ಅಧ್ಯಾಪಕರ ನೇಮಕಾತಿ ಮತ್ತು ಬಡ್ತಿಗೆ ಎಪಿಐ ಅಂಕಪದ್ಧತಿ ಬಂತು. ಸಂಶೋಧನಾಲಯವಿಲ್ಲದ, ಗ್ರಂಥಾಲಯದಲ್ಲಿ ಹೊಸ ಪುಸ್ತಕವಿಲ್ಲದ, ವಾರಕ್ಕೆ ಹದಿನಾರು ಗಂಟೆ ಪಾಠ ಹೇಳಬೇಕಾದ ಕಾಲೇಜಿನ ಅಧ್ಯಾಪಕರಿಗೂ 'ಲೇಖನ ಎಷ್ಟು?' ಎಂಬ ಪ್ರಶ್ನೆ ಎದುರಾಯಿತು. ಒಳ್ಳೆಯ ಪಾಠ ಹೇಳುವುದೇ ಅವರ ಧರ್ಮವಾಗಿತ್ತು. ಸಂಶೋಧನೆಯ ಸೋಗು ಹಾಕದೆ ಬಡ್ತಿ ಇಲ್ಲ ಎಂದು ವ್ಯವಸ್ಥೆ ಅವರಿಗೆ ಕಲಿಸಿತು. 2014ರಲ್ಲಿ ಜಗತ್ತಿನ ನಕಲಿ ಜರ್ನಲ್‌ಗಳಲ್ಲಿ ಸುಮಾರು 4 ಲಕ್ಷ 20 ಸಾವಿರ ಲೇಖನಗಳು ಬಂದವೆಂದು ಶೆನ್ ಮತ್ತು ಬ್ಯೋರ್ಕ್ ಎಂಬ ಸಂಶೋಧಕರು ಅಂದಾಜು ಮಾಡಿದರು. ಅವರು ಮಾದರಿಯಾಗಿ ಆರಿಸಿ ನೋಡಿದ ಲೇಖಕರಲ್ಲಿ ಮೂರನೇ ಒಂದು ಭಾಗದಷ್ಟು ಮಂದಿ ಭಾರತದವರು.

ನೇಮಕಾತಿ, ಬಡ್ತಿ ಕುರಿತ ಯುಜಿಸಿಯ 2018ರ ನಿಯಮಾವಳಿಯ ಅಂಕಗಣಿತವನ್ನು ಬಿಡಿಸಿ ನೋಡಿದರೆ ಇನ್ನೂ ಗಾಬರಿಯಾಗುತ್ತದೆ. ಒಂದು ಲೇಖನವನ್ನು ಇಬ್ಬರು ಬರೆದರೆ ಪ್ರತಿಯೊಬ್ಬರಿಗೂ ಅದರ ಅಂಕದ ಶೇ 70 ಸಿಗುತ್ತದೆ. ಇಬ್ಬರಿಗಿಂತ ಹೆಚ್ಚಿದ್ದರೆ ಮುಖ್ಯ ಲೇಖಕರಿಗೆ ಶೇ 70, ಉಳಿದ ಪ್ರತಿಯೊಬ್ಬರಿಗೂ ಶೇ 30. ಅಂದರೆ ಒಬ್ಬರೇ ಬರೆದರೆ ನೂರಾಗುವ ಲೇಖನ ಇಬ್ಬರ ಹೆಸರಿನಲ್ಲಿ ನೂರ ನಲವತ್ತಾಗುತ್ತದೆ. ಐವರ ಹೆಸರಿನಲ್ಲಿ ನೂರ ತೊಂಬತ್ತು. ಒಂದಕ್ಷರವನ್ನೂ ಬರೆಯದ ಸಹೋದ್ಯೋಗಿಗಳ ಹೆಸರು ಸೇರಿಸಿ ವಿಭಾಗದ ಒಟ್ಟು ಅಂಕ ಏರಿಸಬಹುದು. ಇಂದು ನೀನು ನನ್ನ ಹೆಸರು ಹಾಕು, ನಾಳೆ ನಾನು ನಿನ್ನದು ಹಾಕುತ್ತೇನೆ ಎಂಬ ಒಪ್ಪಂದಕ್ಕೆ ನಿಯಮವೇ ದಾರಿ ತೋರಿತು. ಕೆಲಸದಲ್ಲಿ ನಿಜವಾದ ಪಾಲು ಇಲ್ಲದವರನ್ನು ಲೇಖಕರೆನ್ನಬಾರದು ಎಂದು ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಸಾರುತ್ತಲೇ ಬಂದಿದೆ. ನಮ್ಮ ಅಂಕಪಟ್ಟಿ ಅದಕ್ಕೆ ವಿರುದ್ಧವಾದುದಕ್ಕೆ ಬಹುಮಾನ ಕೊಟ್ಟಿತು. ಇಂಥ ನಿಯಮ ಮಾಡಿ, ಆಮೇಲೆ ನಕಲಿ ಜರ್ನಲ್‌ಗಳನ್ನು ಪಟ್ಟಿಯಿಂದ ಹೊರಹಾಕುವುದು ಕಳೆಯ ಎಲೆ ಕಿತ್ತು ಬೇರಿಗೆ ನೀರೆರೆದ ಹಾಗೆ.

ಈಗ ಆ ನಂಬಿಕೆಯ ಮೂರನೆಯ ಭಾಗಕ್ಕೆ ಬರುತ್ತೇನೆ: ದೊಡ್ಡ ಹೆಸರಿನ ಪ್ರಕಾಶಕರಲ್ಲಿ ನೈತಿಕತೆ ಭದ್ರ ಎಂಬುದು. ಹೈದರಾಬಾದಿನ ಜರ್ನಲ್ ಪ್ರಕಾಶಕ ಓಮಿಕ್ಸ್ ಕಂಪನಿಯ ಕಥೆ ಎಲ್ಲರಿಗೂ ಗೊತ್ತು. ಸಂಶೋಧಕರಿಗೆ ಮೋಸ ಮಾಡಿದ್ದಕ್ಕಾಗಿ 2019ರ ಮಾರ್ಚ್‌ನಲ್ಲಿ ಅಮೆರಿಕದ ನ್ಯಾಯಾಲಯ ಅದಕ್ಕೆ ಐದು ಕೋಟಿ ಡಾಲರ್‌ಗೂ ಹೆಚ್ಚು ಹಣ ಕಟ್ಟುವಂತೆ ಆದೇಶಿಸಿತು. ಆ ತೀರ್ಪಿನಿಂದ ನಾವು ನಾಚಿಕೊಂಡದ್ದು ಸರಿಯೇ. ಆದರೆ ಹೈದರಾಬಾದಿನತ್ತ ಬೆರಳು ತೋರಿಸಿ ಆಮ್‌ಸ್ಟರ್‌ಡ್ಯಾಮಿಗೆ ಕೈಮುಗಿಯುವುದು ಯಾವ ನ್ಯಾಯ? ಅಲ್ಲಿನ ಎಲ್ಸೆವಿಯರ್ ಜಗತ್ತಿನ ಅತಿ ದೊಡ್ಡ ವಿಜ್ಞಾನ ಪ್ರಕಾಶನ ಸಂಸ್ಥೆ. ಅದರ ಆಸ್ಟ್ರೇಲಿಯಾ ಕಚೇರಿ 'ಆಸ್ಟ್ರಲೇಸಿಯನ್ ಜರ್ನಲ್ ಆಫ್ ಬೋನ್ ಆ್ಯಂಡ್ ಜಾಯಿಂಟ್ ಮೆಡಿಸಿನ್' ಎಂಬ ಹೆಸರಿನಲ್ಲಿ ವಿದ್ವತ್ ಪತ್ರಿಕೆಯಂತೆ ಕಾಣುವ ಪ್ರಕಟಣೆಯೊಂದನ್ನು ಹೊರತರುತ್ತಿತ್ತು. ಅದಕ್ಕೆ ಹಣ ಕೊಟ್ಟದ್ದು ಔಷಧ ಕಂಪನಿ ಮರ್ಕ್. ಒಳಗೆ ತುಂಬಿದ್ದು ಮರ್ಕ್ ಔಷಧಗಳಿಗೆ ಅನುಕೂಲವಾದ ಲೇಖನಗಳು. ಯಾರ ಹಣ ಎಂಬುದನ್ನು ಓದುಗರಿಗೆ ತಿಳಿಸಿರಲಿಲ್ಲ. ಮರ್ಕ್‌ನದೇ ವಯಾಕ್ಸ್ ಮಾತ್ರೆಯ ಮೊಕದ್ದಮೆಯಲ್ಲಿ ಇದು ಬಯಲಾದ ಮೇಲೆ, 2009ರಲ್ಲಿ, 2000ದಿಂದ 2005ರ ನಡುವೆ ಇಂಥ ಆರು ಪ್ರಕಟಣೆಗಳನ್ನು ಹೊರತಂದದ್ದಾಗಿ ಸಂಸ್ಥೆಯೇ ಒಪ್ಪಿಕೊಂಡಿತು. ಇದಕ್ಕಿಂತ ನಕಲಿಯಾದ ಜರ್ನಲ್ ಇನ್ನೊಂದು ಬೇಕೆ?

ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್'ನ ಕಥೆ ಇನ್ನೂ ನೋವಿನದು. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಸಂಶಯ ಬಿತ್ತಿದ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರ ಲೇಖನ ಅದರಲ್ಲಿ ಬಂದದ್ದು 1998ರಲ್ಲಿ. ಅದರ ಆಧಾರ ಕೇವಲ ಹನ್ನೆರಡು ಮಕ್ಕಳು. 2004ರಲ್ಲೇ ಪತ್ರಕರ್ತ ಬ್ರಯಾನ್ ಡೀರ್ ಅದರ ಹಿಂದಿನ ಹಣದ ಸಂಬಂಧಗಳನ್ನು ಬಯಲಿಗೆ ತಂದಿದ್ದರು. ಪತ್ರಿಕೆ ಲೇಖನವನ್ನು ಪೂರ್ತಿಯಾಗಿ ಹಿಂಪಡೆದದ್ದು 2010ರ ಫೆಬ್ರುವರಿಯಲ್ಲಿ, ಬ್ರಿಟನ್ನಿನ ವೈದ್ಯಕೀಯ ಮಂಡಳಿಯ ತೀರ್ಮಾನ ಬಂದ ಮೇಲೆ. ಹನ್ನೆರಡು ವರ್ಷ! ಅಷ್ಟರಲ್ಲಿ ಲಸಿಕೆ ಹಾಕಿಸುವವರ ಪ್ರಮಾಣ ಕುಸಿದು, ಬ್ರಿಟನ್ನಿನಲ್ಲಿ ದಡಾರ ಮರಳಿ ಬೇರೂರಿತ್ತು. ಪಾಠ ಕಲಿತರೇ? 2020ರ ಮೇ 22ರಂದು ಅದೇ ಪತ್ರಿಕೆ ಕೋವಿಡ್‌ಗೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೊಕ್ವಿನ್ ಔಷಧದ ಕುರಿತು, 671 ಆಸ್ಪತ್ರೆಗಳ 96 ಸಾವಿರ ರೋಗಿಗಳ ಮಾಹಿತಿ ಎಂದು ಹೇಳಿಕೊಂಡ ಲೇಖನವನ್ನು ಪ್ರಕಟಿಸಿತು. ಅದನ್ನು ನಂಬಿ ವಿಶ್ವ ಆರೋಗ್ಯ ಸಂಸ್ಥೆ ಆ ಔಷಧದ ಪ್ರಯೋಗವನ್ನೇ ತಡೆಹಿಡಿಯಿತು. ಮಾಹಿತಿ ಒದಗಿಸಿದ ಸರ್ಜಿಸ್ಫಿಯರ್ ಕಂಪನಿ ಮೂಲ ದಾಖಲೆಗಳನ್ನು ಪರಿಶೀಲನೆಗೆ ಕೊಡಲಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ಲೇಖನವನ್ನು ಹಿಂಪಡೆಯಲಾಯಿತು. ಜಗತ್ತಿನ ಯಾವ ಪಟ್ಟಿ ಮಾಡಿದರೂ ಮೇಲಿನ ಸಾಲಿನಲ್ಲೇ ಕೂರುವ ಪತ್ರಿಕೆ ಇದು.

ಸ್ಕೋಪಸ್ ಕಡ್ಡಾಯ ಮಾಡಿ ಎನ್ನುವವರು ಹಿಂದಾವಿ ಹಗರಣವನ್ನು ಓದಬೇಕು. ಕೈರೊದಲ್ಲಿ ಹುಟ್ಟಿದ ಈ ಪ್ರಕಾಶನ ಸಂಸ್ಥೆಯನ್ನು ಅಮೆರಿಕದ ವೈಲಿ 2021ರ ಆರಂಭದಲ್ಲಿ 29.8 ಕೋಟಿ ಡಾಲರ್ ಕೊಟ್ಟು ಕೊಂಡಿತು. ಅದರ ಅನೇಕ ಜರ್ನಲ್‌ಗಳು ಗಣ್ಯ ಸೂಚಿಗಳಲ್ಲಿದ್ದವು. ಉಲ್ಲೇಖಗಳ ಎಣಿಕೆಯಿಂದ ಬರುವ ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಅಂಕೆ ಕೂಡ ಇತ್ತು. ವಿಶೇಷ ಸಂಚಿಕೆಗಳ ಹೆಸರಿನಲ್ಲಿ, ಅತಿಥಿ ಸಂಪಾದಕರ ಮೂಲಕ, ದುಡ್ಡಿಗೆ ಲೇಖನ ತಯಾರಿಸಿ ಕೊಡುವ ಕಾರ್ಖಾನೆಗಳ ಸರಕು ಅಲ್ಲಿ ಒಳನುಗ್ಗಿತು. 2023ರ ಒಂದೇ ವರ್ಷದಲ್ಲಿ ಹಿಂದಾವಿ ಎಂಟು ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಹಿಂಪಡೆಯಿತು. ಕೊನೆಗೆ ವೈಲಿ ಆ ಹೆಸರನ್ನೇ ಕೈಬಿಟ್ಟಿತು. ಪ್ರಕಟಣಾ ನೀತಿಯ ಮಾರ್ಗಸೂಚಿ ಕೊಡಲು 1997ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಪಾದಕರು ಕಟ್ಟಿದ ಕೋಪ್ ಎಂಬ ಸಂಸ್ಥೆಯಲ್ಲೂ ಹಿಂದಾವಿ ಸದಸ್ಯತ್ವ ಹೊಂದಿತ್ತು. ಸದಸ್ಯತ್ವ, ಸೂಚಿ, ಇಂಪ್ಯಾಕ್ಟ್ ಫ್ಯಾಕ್ಟರ್ ಎಲ್ಲವೂ ಇದ್ದವು. ಬಂದ ಲೇಖನವನ್ನು ಗಮನವಿಟ್ಟು ಓದುವವರು ಇರಲಿಲ್ಲ.

ಪಟ್ಟಿಗಳ ಶಕ್ತಿಯನ್ನು ನೇರವಾಗಿ ಪರೀಕ್ಷಿಸಿದ ಒಂದು ಪ್ರಯೋಗವೂ ನಡೆದಿದೆ. 2013ರಲ್ಲಿ ಪತ್ರಕರ್ತ ಜಾನ್ ಬೊಹಾನನ್ 'ಸೈನ್ಸ್' ಪತ್ರಿಕೆಗಾಗಿ, ಕಣ್ಣಿಗೆ ರಾಚುವ ತಪ್ಪುಗಳಿದ್ದ ಒಂದು ಸುಳ್ಳು ಸಂಶೋಧನಾ ಲೇಖನವನ್ನು 304 ಮುಕ್ತ ಜರ್ನಲ್‌ಗಳಿಗೆ ಕಳಿಸಿದರು. 157 ಜರ್ನಲ್‌ಗಳು ಒಪ್ಪಿಕೊಂಡವು. ಕೊಲರಾಡೊದ ಗ್ರಂಥಪಾಲಕ ಜೆಫ್ರಿ ಬೀಲ್ ಮಾಡಿದ್ದ ಕಪ್ಪುಪಟ್ಟಿಯ ಪ್ರಕಾಶಕರಲ್ಲಿ ಪರಿಶೀಲನೆ ಮುಗಿಸಿದವರ ಪೈಕಿ ಶೇ 82 ಮಂದಿ ಅದನ್ನು ಸ್ವೀಕರಿಸಿದ್ದರು. ಸರಿ, ಕಪ್ಪುಪಟ್ಟಿ ಎಂದಮೇಲೆ ಹಾಗೇ. ಆದರೆ ಒಳ್ಳೆಯವರ ಪಟ್ಟಿ ಎಂದು ಹೆಸರಾದ ಡಿಒಎಜೆಯಲ್ಲಿದ್ದವರಲ್ಲೂ ಶೇ 45 ಮಂದಿ ಸ್ವೀಕರಿಸಿದ್ದರು. ಎಲ್ಸೆವಿಯರ್, ಸೇಜ್, ವೋಲ್ಟರ್ಸ್ ಕ್ಲುವರ್ ಸಂಸ್ಥೆಗಳ ಜರ್ನಲ್‌ಗಳೂ ಆ ಬಲೆಗೆ ಬಿದ್ದವು. ಅಂದರೆ ಪಟ್ಟಿ ಒಂದು ಎಚ್ಚರಿಕೆ ಕೊಡಬಲ್ಲದು, ತೀರ್ಪು ಕೊಡಲಾರದು. ನಾವು ಅದನ್ನು ಬಳಸುತ್ತಿರುವುದು ತೀರ್ಪಿಗಾಗಿ.

ಇನ್ನೊಂದು ಸಂಗತಿಯನ್ನು ಸ್ಪಷ್ಟವಾಗಿ ಹೇಳಬೇಕು. ಸ್ಕೋಪಸ್ ತಟಸ್ಥ ನ್ಯಾಯಾಧೀಶನಲ್ಲ. ಅದರ ಒಡೆಯ ಎಲ್ಸೆವಿಯರ್. ಸಾವಿರಾರು ಜರ್ನಲ್‌ಗಳನ್ನು ಮಾರುವ ಸಂಸ್ಥೆಯೇ ಯಾವ ಜರ್ನಲ್ ಗಣ್ಯ ಎಂದು ತೀರ್ಮಾನಿಸುವ ಸೂಚಿಯನ್ನೂ ಮಾರುತ್ತದೆ. ಆ ಸೂಚಿಗೆ ಸೇರಲು ಲೇಖನದ ಶೀರ್ಷಿಕೆ, ಸಾರಾಂಶಗಳು ಇಂಗ್ಲಿಷಿನಲ್ಲಿರಬೇಕು. ಕನ್ನಡ, ತುಳು, ಕೊಡವ ಸಂಸ್ಕೃತಿಗಳ ಮೇಲೆ ಕನ್ನಡದಲ್ಲೇ ಬರೆಯುವ ವಿದ್ವಾಂಸನ ಯೋಗ್ಯತೆಯನ್ನು ಅಳೆಯುವ ಅಧಿಕಾರವನ್ನು ನಾವು ನಮ್ಮ ಕೈಯಾರೆ ಅದಕ್ಕೆ ಒಪ್ಪಿಸಬೇಕೆ?

ಓಮಿಕ್ಸ್‌ಗೂ ಹಿಂದಾವಿಗೂ ಸಮಾನವಾದ ಒಂದು ಅಂಶವಿದೆ, ಮೂಲ ಕೇಡು ಅಲ್ಲಿದೆ. ಸ್ವೀಕರಿಸಿದ ಪ್ರತಿ ಲೇಖನಕ್ಕೂ ಲೇಖಕನಿಂದ ಶುಲ್ಕ ಬರುವುದಾದರೆ ಬೇಡ ಎನ್ನುವ ಪ್ರತಿ ಮಾತೂ ಪ್ರಕಾಶಕನಿಗೆ ನಷ್ಟ. ಒಳ್ಳೆಯ ಸಂಪಾದಕ ಈ ಆಮಿಷವನ್ನು ತಡೆದುಕೊಳ್ಳಬಹುದು. ಆದರೆ ತಡೆದುಕೊಳ್ಳುವವನಿಗೆ ಕಂಪನಿಯೊಳಗೆ ಬಲವಿಲ್ಲ. 'ನೇಚರ್' ಪತ್ರಿಕೆ ಲೇಖನವೊಂದನ್ನು ಎಲ್ಲರಿಗೂ ತೆರೆದಿಡಲು 9,500 ಯೂರೊ ಶುಲ್ಕ ಘೋಷಿಸಿತು. ಎಂಟು ಲಕ್ಷ ರೂಪಾಯಿಗೂ ಹೆಚ್ಚು. ಲೇಖನ ಬರೆಯುವವರಿಗೆ ಪ್ರಕಾಶಕರು ಸಂಬಳ ಕೊಡುವುದಿಲ್ಲ, ಪರಿಶೀಲಿಸುವ ತಜ್ಞರಿಗೂ ಸಾಮಾನ್ಯವಾಗಿ ಕೊಡುವುದಿಲ್ಲ. ಸಾರ್ವಜನಿಕ ಹಣದಿಂದ ಹುಟ್ಟಿದ ಜ್ಞಾನವನ್ನು ಓದಲು ಸಾರ್ವಜನಿಕರೇ ಮತ್ತೆ ಹಣ ಕಟ್ಟಬೇಕು. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಮೂರು ವರ್ಷಕ್ಕೆಂದು ಆರು ಸಾವಿರ ಕೋಟಿ ರೂಪಾಯಿ ಮಂಜೂರು ಮಾಡಿದೆ. ಸಣ್ಣ ಊರಿನ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೂ ಸುಮಾರು 13 ಸಾವಿರ ಜರ್ನಲ್‌ಗಳು ಸಿಗುತ್ತವೆ ಎಂಬುದು ಸಂತೋಷದ ವಿಷಯವೇ. ಅಷ್ಟು ಹಣ ಕೊಡುವ ದೇಶ ಆ ಪ್ರಕಾಶಕರಿಗೆ ಒಂದು ಪ್ರಶ್ನೆಯನ್ನೂ ಕೇಳಬೇಕಿತ್ತು: ನಿಮ್ಮಲ್ಲಿ ಬಂದ ಲೇಖನದ ಮೇಲೆ ದೂರು ಬಂದರೆ ಎಷ್ಟು ದಿನದಲ್ಲಿ ಉತ್ತರ ಕೊಡುತ್ತೀರಿ?

ಓದದೆಯೇ ಅಳೆಯುವ ಸೋಮಾರಿತನದ ಇನ್ನೊಂದು ಮುಖ ಕೃತಿಚೌರ್ಯ ಪತ್ತೆಯ ತಂತ್ರಾಂಶ. 2018ರ ಯುಜಿಸಿ ನಿಯಮದಂತೆ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಅದರ ಮೇಲೆ ಶೇ 40, ಶೇ 60 ಎಂದು ಹಂತ ಹಂತವಾಗಿ ಶಿಕ್ಷೆ. ಹೋಲಿಕೆಯ ಪ್ರಮಾಣ ಹತ್ತರೊಳಗೆ ಬಂದರೆ ಸಾಕು, ಪ್ರಬಂಧ ಶುದ್ಧವಾಯಿತೆಂಬ ಭಾವನೆ ಬೆಳೆದಿದೆ. ತಂತ್ರಾಂಶ ಹಿಡಿಯುವುದು ಪದಗಳ ಸರಣಿಯನ್ನು. ಇನ್ನೊಬ್ಬರ ವಿಚಾರವನ್ನು ಸ್ವಂತ ವಾಕ್ಯದಲ್ಲಿ ಕದ್ದರೆ ಅದು ಹಿಡಿಯಲಾರದು. ಪ್ರಯೋಗವನ್ನೇ ಮಾಡದೆ ಅಂಕಿಅಂಶ ಬರೆದರೆ ಹಿಡಿಯಲಾರದು. ಕನ್ನಡದ ಮಟ್ಟಿಗಂತೂ ಹಳೆಯ ಪುಸ್ತಕಗಳು, ನಿಂತುಹೋದ ಪತ್ರಿಕೆಗಳ ಸಂಚಿಕೆಗಳು ಬಹುಪಾಲು ಯಂತ್ರ ಓದಬಲ್ಲ ರೂಪದಲ್ಲಿಯೇ ಇಲ್ಲ. ಅರವತ್ತು ವರ್ಷದ ಹಿಂದಿನ ಒಂದು ಅಧ್ಯಾಯವನ್ನು ಅಕ್ಷರಶಃ ಇಳಿಸಿಕೊಂಡವನಿಗೂ ಸೊನ್ನೆ ಹೋಲಿಕೆಯ ಪ್ರಮಾಣಪತ್ರ ಸಿಗಬಹುದು. ಅದನ್ನು ಹಿಡಿಯಬಲ್ಲವರು ಆ ಹಳೆಯ ಅಧ್ಯಾಯವನ್ನು ಓದಿದ ಪರೀಕ್ಷಕರು ಮಾತ್ರ.

ಹಾಗಾದರೆ ಒಂದು ಜರ್ನಲ್ಲಿನ, ಒಂದು ಸಂಸ್ಥೆಯ ನೈತಿಕತೆಯನ್ನು ಎಲ್ಲಿ ನೋಡಬೇಕು? ತಪ್ಪು ಎದುರಾದಾಗ ಅದು ನಡೆದುಕೊಳ್ಳುವ ರೀತಿಯಲ್ಲಿ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಒಂದು ಪ್ರಯೋಗಾಲಯದಿಂದ 2020ರ ಅಕ್ಟೋಬರ್‌ನಲ್ಲಿ 'ನೇಚರ್ ಕೆಮಿಕಲ್ ಬಯಾಲಜಿ'ಯಲ್ಲಿ ಲೇಖನವೊಂದು ಬಂತು. ಅದರ ಚಿತ್ರಗಳನ್ನು ತಿರುಚಿರುವ ಸಂಶಯವನ್ನು ಹೊರಗಿನ ಓದುಗರು ಪಬ್‌ಪಿಯರ್ ತಾಣದಲ್ಲಿ ಎತ್ತಿದರು. ಸಂಸ್ಥೆ ತನಿಖೆ ನಡೆಸಿತು, ತಿರುಚಿದ್ದು ನಿಜವೆಂದು ಕಂಡಿತು, ಅದನ್ನು ಬಹಿರಂಗವಾಗಿ ಹೇಳಿತು. 2021ರ ಜೂನ್ ಕೊನೆಯಲ್ಲಿ ಲೇಖನವನ್ನು ಹಿಂಪಡೆಯಲಾಯಿತು. ಒಂದು ವರ್ಷ ತುಂಬುವ ಮೊದಲೇ! ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಗೆ ಹನ್ನೆರಡು ವರ್ಷ ಹಿಡಿದ ಕೆಲಸ ಇದು. ಇಲ್ಲಿ ತಪ್ಪನ್ನು ಹಿಡಿದದ್ದು ಜರ್ನಲ್ಲಿನ ಖ್ಯಾತಿಯೂ ಅಲ್ಲ, ಸೂಚಿಯೂ ಅಲ್ಲ. ಚಿತ್ರಗಳನ್ನು ಕಣ್ಣಿಟ್ಟು ನೋಡಿದ ಓದುಗರು. ಹೆಸರಿಗೆ ಕಳಂಕ ಬರುತ್ತದೆಂದು ಮುಚ್ಚಿಡುವ ನಮ್ಮ ವಿಶ್ವವಿದ್ಯಾಲಯಗಳು ಈ ನಡೆಯನ್ನು ಕಲಿಯಬೇಕು. ತಪ್ಪನ್ನು ಹೇಳಿಕೊಂಡ ಸಂಸ್ಥೆಯ ಮೇಲೆ ವಿಶ್ವಾಸ ಹೆಚ್ಚುತ್ತದೆ.

ನೈತಿಕತೆ ಎಂದರೆ ವಿದೇಶದಿಂದ ಬರಬೇಕಾದ ಸರಕು ಎಂಬ ಭಾವನೆಯನ್ನೂ ಬಿಡೋಣ. ಸಿ.ವಿ. ರಾಮನ್ ತಮ್ಮ ಹೊಸ ವಿಕಿರಣದ ಕುರಿತು 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ಉಪನ್ಯಾಸ ಕೊಟ್ಟರು. ಅದು ಅಚ್ಚಾದದ್ದು 'ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್'ನಲ್ಲಿ, ಅಂದರೆ ಕೇವಲ ಎರಡು ವರ್ಷ ಹಳೆಯದಾದ ಒಂದು ಭಾರತೀಯ ಪತ್ರಿಕೆಯಲ್ಲಿ. ಜಗತ್ತು ಅದನ್ನು ಓದಿತು. ಎರಡು ವರ್ಷದಲ್ಲಿ ನೊಬೆಲ್ ಬಂತು. 1932ರಲ್ಲಿ ಬೆಂಗಳೂರಿನಲ್ಲಿ 'ಕರೆಂಟ್ ಸೈನ್ಸ್' ಶುರುವಾಯಿತು. 1934ರಲ್ಲಿ ರಾಮನ್ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಕಟ್ಟಿದರು. ಅಕಾಡೆಮಿಯ ಪತ್ರಿಕೆಗಳು ಲೇಖಕರಿಂದ ಪ್ರಕಟಣಾ ಶುಲ್ಕ ಕೇಳದೆ ನಡೆದುಬಂದಿವೆ. ಕನ್ನಡದಲ್ಲಿ 1916ರಿಂದ ಸಾಹಿತ್ಯ ಪರಿಷತ್ತಿನ ಪತ್ರಿಕೆ, 1919ರಿಂದ 'ಪ್ರಬುದ್ಧ ಕರ್ಣಾಟಕ' ವಿದ್ವತ್ತಿನ ವೇದಿಕೆಗಳಾದವು. ಶಾಸನದ ಒಂದು ಪಾಠ, ಕವಿಯೊಬ್ಬನ ಕಾಲ, ಒಂದು ಹಸ್ತಪ್ರತಿಯ ಓದು ಇವುಗಳ ಮೇಲೆ ವಿದ್ವಾಂಸರು ವರ್ಷಗಟ್ಟಲೆ ವಾದ ಮಾಡಿದರು. ಒಬ್ಬರ ಲೇಖನ ಬಂದರೆ ಇನ್ನೊಬ್ಬರು ಅದನ್ನು ಓದಿ ಖಂಡಿಸುತ್ತಿದ್ದರು. ಆ ಖಂಡನೆಯೇ ಅಂದಿನ ತಜ್ಞ ಪರಿಶೀಲನೆ. 1966ರಲ್ಲಿ ಪ್ರಕಟವಾದ ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ದ ಬೆಲೆಯನ್ನು ಯಾವ ಇಂಪ್ಯಾಕ್ಟ್ ಫ್ಯಾಕ್ಟರ್ ಅಳೆಯಬಲ್ಲದು? ಅದರ ಬೆಲೆ ಗೊತ್ತಾದದ್ದು ಓದಿದವರಿಂದ.

ನನ್ನ ವಾದಕ್ಕೆ ಒಂದು ಗಂಭೀರ ಆಕ್ಷೇಪವಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. 'ನಮ್ಮ ದೇಶದಲ್ಲಿ ಆಯ್ಕೆ ಸಮಿತಿಯ ವಿವೇಚನೆಗೆ ಬಿಟ್ಟರೆ ಜಾತಿ, ವಶೀಲಿ, ದುಡ್ಡು ಆಳುತ್ತವೆ. ಅಂಕ ಒಂದೇ ಬಡವನ ಮಗನನ್ನು, ಹಿನ್ನೆಲೆಯಿಲ್ಲದ ಹೆಣ್ಣುಮಗಳನ್ನು ಕಾಯುವುದು.' ಈ ಭಯಕ್ಕೆ ಕಾರಣವಿದೆ. ಆದರೆ ಲೇಖನಗಳ ಅಂಕ ಅವರನ್ನು ನಿಜವಾಗಿ ಕಾದಿದೆಯೇ? ದುಡ್ಡು ಕೊಟ್ಟರೆ ವಾರದೊಳಗೆ ಪ್ರಕಟಣೆ, ಹೆಚ್ಚು ಕೊಟ್ಟರೆ ಮೊದಲ ಲೇಖಕನ ಸ್ಥಾನ ಎಂಬ ಮಾರುಕಟ್ಟೆಯಲ್ಲಿ ಗೆಲ್ಲುವವನು ದುಡ್ಡಿದ್ದವನೇ. ರಾಯಚೂರಿನಲ್ಲೋ ಚಾಮರಾಜನಗರದಲ್ಲೋ ಅತಿಥಿ ಉಪನ್ಯಾಸಕಿಯಾಗಿ ದುಡಿಯುತ್ತ, ಮೂರು ವರ್ಷ ಊರೂರು ಅಲೆದು ಒಂದು ಒಳ್ಳೆಯ ಲೇಖನ ಬರೆದವಳ ಹೆಸರಿನ ಮುಂದೆ ಹತ್ತು ಅಂಕ. ಕೊಂಡ ಲೇಖನಗಳ ಕಟ್ಟು ತಂದವನ ಮುಂದೆ ನೂರು. ಅಂಕಪದ್ಧತಿ ಅವಳನ್ನು ಕಾಯಲಿಲ್ಲ. ಅವಳು ಸೋತದ್ದು ನ್ಯಾಯವಾಗಿಯೇ ಎಂಬ ಸುಳ್ಳನ್ನು ದಾಖಲಿಸಿತು. ಪಕ್ಷಪಾತಕ್ಕೆ ಮದ್ದು ಬಹಿರಂಗತೆ. ಸಮಿತಿಯ ಸದಸ್ಯರು ಅಭ್ಯರ್ಥಿಯ ಲೇಖನ ಓದಿ, ಅದರಲ್ಲಿ ಹೊಸದೇನಿದೆ, ಕೊರತೆ ಏನು ಎಂದು ಒಂದು ಪುಟ ಬರೆದು ಸಹಿ ಹಾಕಲಿ; ಆ ಪುಟ ಎಲ್ಲರಿಗೂ ಸಿಗಲಿ. ತನ್ನ ಹೆಸರಿನಲ್ಲಿ ಸುಳ್ಳು ಬರೆಯುವುದು ಅಂಕ ಕೂಡಿಸಿ ಕೈತೊಳೆದುಕೊಳ್ಳುವಷ್ಟು ಸುಲಭವಲ್ಲ.

ಓದಲು ಸಮಯವೆಲ್ಲಿದೆ ಎಂಬುದು ಇನ್ನೊಂದು ಆಕ್ಷೇಪ. ಐವತ್ತು ಲೇಖನ ಕೇಳಿದರೆ ಸಮಯವಿರುವುದಿಲ್ಲ, ಮೂರು ಕೇಳಿದರೆ ಇರುತ್ತದೆ. ಬ್ರಿಟನ್ನಿನ 2021ರ ಸಂಶೋಧನಾ ಮೌಲ್ಯಮಾಪನದಲ್ಲಿ ತಲಾ ಸರಾಸರಿ ಎರಡೂವರೆ ಕೃತಿಗಳನ್ನಷ್ಟೇ ಕೇಳಿದರು. ಜರ್ನಲ್ಲಿನ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಬಾರದೆಂದು ಮೌಲ್ಯಮಾಪಕರಿಗೆ ಸೂಚಿಸಿದರು. ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯ ನೇಮಕಾತಿ, ಬಡ್ತಿಗಳಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರನ್ನು ಕೈಬಿಡುವುದಾಗಿ 2021ರಲ್ಲಿ ಹೇಳಿತು. ಎಲ್ಸೆವಿಯರ್ ಮೂಲತಃ ಬಂದ ದೇಶದಲ್ಲೇ ಈ ಮಾತು ಕೇಳಿಬಂದ ಮೇಲೆ ನಾವೇಕೆ ಆ ಅಂಕೆಯನ್ನು ಅಪ್ಪಿಕೊಂಡು ಕೂರಬೇಕು?

ಆದ್ದರಿಂದ ಹೊಸ ಪಟ್ಟಿಯ ಬೇಡಿಕೆಯನ್ನು ಕೈಬಿಟ್ಟು ಬೇರೆಯದನ್ನು ಕೇಳೋಣ. ನೇಮಕಾತಿಗೂ ಬಡ್ತಿಗೂ ಅಭ್ಯರ್ಥಿಯೇ ಆರಿಸಿದ ಮೂರು ಬರಹಗಳು ಸಾಕು. ಅವನ್ನು ಸಮಿತಿ ಓದಿರಬೇಕು, ಓದಿದ್ದಕ್ಕೆ ಬರಹದ ಸಾಕ್ಷಿ ಇರಬೇಕು. ಹೆಸರು ಸೇರಿಸಿ ಒಟ್ಟು ಅಂಕ ಬೆಳೆಸುವ ಗಣಿತ ನಿಲ್ಲಬೇಕು. ಯಾರು ಏನು ಮಾಡಿದರೆಂದು ಪ್ರತಿ ಲೇಖಕರೂ ಬರೆದುಕೊಡಬೇಕು. ಪಾಠವನ್ನೇ ಮುಖ್ಯವಾಗಿ ಮಾಡುವ ಕಾಲೇಜುಗಳ ಅಧ್ಯಾಪಕರಿಗೆ ಪಾಠದ ಆಧಾರದ ಮೇಲೆ ಬಡ್ತಿ ಸಿಗಬೇಕು. ಕೃತಿಚೌರ್ಯದ ದೂರು ಬಂದರೆ ವಿಶ್ವವಿದ್ಯಾಲಯ ಗೊತ್ತಾದ ಅವಧಿಯಲ್ಲಿ ತನಿಖೆ ಮುಗಿಸಿ ವರದಿಯನ್ನು ಪ್ರಕಟಿಸಬೇಕು. ಚಂದಾಕ್ಕೆ ಸಾವಿರಾರು ಕೋಟಿ ಕೊಡುವ ಸರ್ಕಾರ ಅದರ ಒಂದು ಸಣ್ಣ ಪಾಲನ್ನಾದರೂ ಲೇಖಕರಿಂದ ಹಣ ಕೇಳದ ಅಕಾಡೆಮಿಗಳ, ಪರಿಷತ್ತುಗಳ, ವಿಶ್ವವಿದ್ಯಾಲಯಗಳ ವಿದ್ವತ್ ಪತ್ರಿಕೆಗಳಿಗೆ, ಕನ್ನಡದವುಗಳನ್ನೂ ಸೇರಿಸಿ, ಕೊಡಬೇಕು. ಈ ಯಾವುದಕ್ಕೂ ಸ್ಕೋಪಸ್‌ನ ಅನುಮತಿ ಬೇಕಿಲ್ಲ.

ಆಯೋಗ ನಾಳೆ ಏನು ಮಾಡುತ್ತದೋ ನೋಡೋಣ ಎಂದು ಕಾಯುವ ಅಗತ್ಯವೂ ಇಲ್ಲ. ಆಯ್ಕೆ ಸಮಿತಿಯಲ್ಲಿ ಕೂರುವ ಪ್ರಾಧ್ಯಾಪಕರಲ್ಲಿ, ಪ್ರಬಂಧಗಳ ಪರೀಕ್ಷಕರಲ್ಲಿ, ಮಾರ್ಗದರ್ಶಕರಲ್ಲಿ ನನ್ನ ಕೋರಿಕೆ ಇಷ್ಟೇ: ನಿಮ್ಮ ಮುಂದೆ ಬಂದ ಲೇಖನವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ. ನಿಮ್ಮ ಕೊಡುಗೆಯಿಲ್ಲದ ಲೇಖನದಿಂದ ನಿಮ್ಮ ಹೆಸರನ್ನು ತೆಗೆಸಿ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.